ಜೀವನಾನುಭವಗಳ ಮಾಹಿತಿ ವಿನ್ಯಾಸ

ಜೀವನಾನುಭವಗಳ ಮಾಹಿತಿ ವಿನ್ಯಾಸ ಎಂದರೆ ವ್ಯಕ್ತಿಯ ಅಥವಾ ಕುಟುಂಬದ ಬದುಕಿನ ಘಟನೆಗಳು, ಅಭ್ಯಾಸಗಳು, ಸಂಬಂಧಗಳು ಮತ್ತು ಸ್ಥಳಾಂತರಗಳನ್ನು ರೇಖೆ, ಬಣ್ಣ, ಆಕೃತಿ, ನಕ್ಷೆ ಮೊದಲಾದವುಗಳ ಮೂಲಕ ಕಣ್ಣಿಗೆ ಕಾಣುವಂತೆ ನಿರೂಪಿಸುವ ಪದ್ಧತಿ. ಆತ್ಮಕಥೆಯು ಬದುಕನ್ನು ಒಂದಾದ ಮೇಲೊಂದರಂತೆ ಹೇಳಿದರೆ, ಈ ಪದ್ಧತಿಯು ಅದನ್ನು ಒಂದೇ ನೋಟಕ್ಕೆ ಸಿಗುವಂತೆ ಜೋಡಿಸುತ್ತದೆ. ಕಲೆ, ವೈದ್ಯಕೀಯ, ಮಾನವಶಾಸ್ತ್ರ ಮತ್ತು ಕಾನೂನು ಕ್ಷೇತ್ರಗಳಲ್ಲಿ ಇದರ ಬಳಕೆ ಇದೆ.

ಇತಿಹಾಸ

೧೮ನೆಯ ಶತಮಾನದ ಇಂಗ್ಲೆಂಡಿನ ವಿದ್ವಾಂಸ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಪಟವು ಈ ಕ್ಷೇತ್ರದ ಆರಂಭದ ಕೃತಿಗಳಲ್ಲಿ ಪ್ರಮುಖವಾದುದು. ಅದರಲ್ಲಿ ಸುಮಾರು 2000 ಪ್ರಸಿದ್ಧ ವ್ಯಕ್ತಿಗಳ ಆಯುಷ್ಯವನ್ನು ಕಾಲಮಾನದ ಮೇಲೆ ಅಡ್ಡಗೆರೆಗಳಾಗಿ ಎಳೆಯಲಾಗಿದೆ. ಜನನ ಅಥವಾ ಮರಣದ ವರ್ಷ ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕಿಗಳನ್ನು ಇಡಲಾಗಿದೆ. ತಿಳಿಯದಿರುವುದನ್ನೂ ಚಿತ್ರದಲ್ಲಿ ಪ್ರಾಮಾಣಿಕವಾಗಿ ತೋರಿಸುವ ಈ ಕ್ರಮ ಇಂದಿಗೂ ಮಾದರಿಯಾಗಿದೆ.

ಮಾನವಶಾಸ್ತ್ರಜ್ಞ ಡಬ್ಲ್ಯು. ಎಚ್. ಆರ್. ರಿವರ್ಸ್ ಒಂದು ಸಮುದಾಯದ ಬದುಕನ್ನು ಅರಿಯಲು ವಂಶಾವಳಿಗಳನ್ನು ಸಂಗ್ರಹಿಸುವ ವಿಧಾನವನ್ನು ರೂಪಿಸಿದನು. ಕರ್ನಾಟಕದ ನೆರೆಯ ನೀಲಗಿರಿಯ ತೋಡರ ಕುರಿತು 1906ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇಂತಹ ವಂಶಾವಳಿಯ ಪಟ್ಟಿಗಳಿವೆ. ಇದೇ ಕಾಲಘಟ್ಟದಲ್ಲಿ ಮನೋವೈದ್ಯ ಅಡಾಲ್ಫ್ ಮೇಯರ್ ರೋಗಿಯ ಬದುಕಿನ ಘಟನೆಗಳನ್ನೂ ಕಾಯಿಲೆಗಳನ್ನೂ ವಯಸ್ಸಿನ ಕ್ರಮದಲ್ಲಿ ಜೊತೆಜೊತೆಯಾಗಿ ಬರೆಯುವ 'ಜೀವನ ಪಟ'ವನ್ನು ಬಳಕೆಗೆ ತಂದನು.

ಕರ್ನಾಟಕದಲ್ಲಿ

ವೀರಗಲ್ಲು: ಮಾಹಿತಿ ವಿನ್ಯಾಸ ಎಂಬ ಹೆಸರು ಹೊಸದಾದರೂ ಬದುಕನ್ನು ಚಿತ್ರದ ಅಂಕಣಗಳಲ್ಲಿ ವಿಂಗಡಿಸಿ ತೋರಿಸುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗಿನ ಹಂತದಲ್ಲಿ ವೀರನು ಮಡಿದ ಕಾಳಗ, ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವ ದೃಶ್ಯ, ಮೇಲೆ ದೈವಸನ್ನಿಧಿಯಲ್ಲಿ ಕುಳಿತ ವೀರ. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತುದಿಯಲ್ಲಿರುವ ಸೂರ್ಯಚಂದ್ರರು ಆತನ ನೆನಪು ಅವರಿರುವವರೆಗೆ ಉಳಿಯಲೆಂಬ ಆಶಯದ ಸಂಕೇತ. ಅಕ್ಷರ ಬಾರದವರಿಗೂ ಈ ಕ್ರಮ ಅರ್ಥವಾಗುತ್ತಿತ್ತು. ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ, ಮೇಲೆತ್ತಿದ ಕೈಯೊಂದೇ ಒಬ್ಬ ಸ್ತ್ರೀಯ ಅಂತ್ಯವನ್ನು ಸೂಚಿಸುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ೧೦ನೆಯ ಶತಮಾನದ ಕಲ್ಲಿನಲ್ಲಿ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡುವ ಚಿತ್ರವಿದೆ. ಅದೇ ಕಲ್ಲಿನ ಬರಹವು ತಕ್ಕೋಲದ ಯುದ್ಧವನ್ನೂ ಉಲ್ಲೇಖಿಸುತ್ತದೆ.

ಅಳಿಯಸಂತಾನದ ವಂಶಾವಳಿ: ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರದೇಶಗಳನ್ನೊಳಗೊಂಡ ಕರಾವಳಿಯಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳು ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿದ್ದವು. ಇಲ್ಲಿ ಕುಟುಂಬದ ಗೆರೆ ತಾಯಿಯಿಂದ ಮಗಳಿಗೆ ಸಾಗುತ್ತದೆ. ಪುರುಷನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರುವುದರಿಂದ ವಂಶಾವಳಿಯಲ್ಲಿ ಅವನ ಹೆಸರಿನ ಕೆಳಗೆ ಕವಲು ಇರುವುದಿಲ್ಲ. ಒಬ್ಬ ಸ್ತ್ರೀ ಮತ್ತು ಸ್ತ್ರೀಸಂತತಿಯ ಮೂಲಕ ಬಂದ ಆಕೆಯ ವಂಶಜರ ಗುಂಪಿಗೆ 'ಕವರು' ಎಂದು ಹೆಸರು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರಿಗೆ ಆಸ್ತಿಯಲ್ಲಿ ಪಾಲು ಕೇಳುವ ಅವಕಾಶ ನೀಡಿದ್ದರಿಂದ, ಯಾರ ಹೆಸರು ಯಾವ ಕವಲಿನಲ್ಲಿದೆ ಎಂಬುದು ಭೂಮಿಯ ಹಕ್ಕಿನ ಪ್ರಶ್ನೆಯಾಯಿತು. ತಂದೆಯಿಂದ ಮಗನಿಗೆ ಇಳಿಯುವ ಸಿದ್ಧ ಮಾದರಿಯ ವಂಶವೃಕ್ಷದಲ್ಲಿ ಇಂತಹ ಕುಟುಂಬವನ್ನು ಬರೆದರೆ ಅದರ ಮೂಲ ರಚನೆಯೇ ಮರೆಯಾಗುತ್ತದೆ.

ತಾಯಿ ಮತ್ತು ಮಗುವಿನ ಕಾರ್ಡು: ಆಸ್ಪತ್ರೆ ಹಾಗೂ ಅಂಗನವಾಡಿಗಳಲ್ಲಿ ಬಳಸುವ ಈ ಕಾರ್ಡಿನ ಬೆಳವಣಿಗೆಯ ನಕ್ಷೆ ಅತ್ಯಂತ ವ್ಯಾಪಕವಾದ ಜೀವನ ಪಟಗಳಲ್ಲಿ ಒಂದು. ಅಡ್ಡಸಾಲಿನಲ್ಲಿ ವಯಸ್ಸು, ಲಂಬಸಾಲಿನಲ್ಲಿ ತೂಕ ಇರುತ್ತದೆ. ಹಸಿರು ಪಟ್ಟಿ ಸಹಜ ತೂಕವನ್ನು, ಹಳದಿ ಪಟ್ಟಿ ಕಡಿಮೆ ತೂಕವನ್ನು, ಕಿತ್ತಳೆ ಪಟ್ಟಿ ತೀವ್ರ ಕೊರತೆಯನ್ನು ಸೂಚಿಸುತ್ತದೆ. ಒಂದು ಚುಕ್ಕಿಗಿಂತ ಚುಕ್ಕಿಗಳನ್ನು ಸೇರಿಸಿದ ಗೆರೆಯ ದಿಕ್ಕು ಮುಖ್ಯ. ಹಸಿರು ಪಟ್ಟಿಯೊಳಗಿದ್ದರೂ ಗೆರೆ ಏರದೆ ಸಮತಟ್ಟಾದರೆ ಮಗುವಿನ ಬಗ್ಗೆ ಗಮನ ಅಗತ್ಯ. ಈ ಬಗೆಯ ನಕ್ಷೆಯನ್ನು ಮಕ್ಕಳ ವೈದ್ಯ ಡೇವಿಡ್ ಮಾರ್ಲಿ ನೈಜೀರಿಯಾದ ಗ್ರಾಮವೊಂದರಲ್ಲಿ ಮಾಡಿದ ಕೆಲಸದಿಂದ ಜನಪ್ರಿಯಗೊಳಿಸಿದರು.

ಆಧುನಿಕ ಕೃತಿಗಳು

ಅಮೆರಿಕದ ವಿನ್ಯಾಸಕಾರ ನಿಕೋಲಸ್ ಫೆಲ್ಟನ್ 2005ರಿಂದ 2014ರವರೆಗಿನ ತನ್ನ ಬದುಕಿನ ಅಂಕಿಅಂಶಗಳನ್ನು ಕಂಪನಿಗಳ ವಾರ್ಷಿಕ ವರದಿಯ ರೂಪದಲ್ಲಿ ಪ್ರಕಟಿಸಿದರು. 2010ರ ವರದಿಯ ವಿಷಯ ಮಾತ್ರ ಅವರ ತಂದೆ. ಅದೇ ವರ್ಷ ತೀರಿಕೊಂಡ ತಂದೆ ಬಿಟ್ಟುಹೋದ ದಾಖಲೆಗಳಿಂದಲೇ ಅವರ ಜೀವಿತವನ್ನು ಪುನಾರಚಿಸಲಾಗಿತ್ತು. ನ್ಯೂಯಾರ್ಕಿನಲ್ಲಿದ್ದ ಜಾರ್ಜಿಯಾ ಲುಪಿ ಮತ್ತು ಲಂಡನ್ನಿನಲ್ಲಿದ್ದ ಸ್ಟೆಫನಿ ಪೊಸಾವೆಕ್ 'ಡಿಯರ್ ಡೇಟಾ' ಯೋಜನೆಯಲ್ಲಿ 52 ವಾರಗಳ ಕಾಲ ವಾರಕ್ಕೊಂದು ವಿಷಯವನ್ನು ಎಣಿಸಿ, ಕೈಯಿಂದ ಚಿತ್ರಿಸಿ, ಅಂಚೆ ಕಾರ್ಡಿನಲ್ಲಿ ಪರಸ್ಪರ ಕಳುಹಿಸಿದರು. ಕಾರ್ಡಿನ ಒಂದು ಬದಿಯಲ್ಲಿ ಚಿತ್ರ, ಇನ್ನೊಂದು ಬದಿಯಲ್ಲಿ ಅದನ್ನು ಓದುವ ಸೂಚಿ ಇತ್ತು. ಇದು 2016ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಮೂಲ ಕಾರ್ಡುಗಳು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ.

ರಚನೆಯ ವಿಧಾನ

ಮೊದಲು ಒಂದು ಪ್ರಶ್ನೆಯನ್ನು ಆರಿಸಿ, ಅದಕ್ಕೆ ಬೇಕಾದ ಮಾಹಿತಿಯನ್ನು ದಿನಚರಿ, ಪತ್ರ, ಛಾಯಾಚಿತ್ರ, ದಾಖಲೆ ಮತ್ತು ಹಿರಿಯರ ನೆನಪುಗಳಿಂದ ಸಂಗ್ರಹಿಸಲಾಗುತ್ತದೆ. ಅನಂತರ ಆಕಾರವನ್ನು ನಿರ್ಧರಿಸಲಾಗುತ್ತದೆ. ಒಮ್ಮೆ ಮಾತ್ರ ನಡೆಯುವ ಘಟನೆಗಳಿಗೆ ಕಾಲರೇಖೆ, ಮರುಕಳಿಸುವವುಗಳಿಗೆ ವರ್ತುಲ, ಸ್ಥಳಾಂತರಕ್ಕೆ ಭೂಪಟ, ಸಂಬಂಧಗಳಿಗೆ ಕವಲು ಚಿತ್ರ ಸೂಕ್ತ.

ಉದಾಹರಣೆಗೆ, ಬೈಂದೂರು ಸಮೀಪದ ಯಡ್ತರೆಯ ಒಂದು ಮನೆಯ ವರ್ಷವನ್ನು ಚಿತ್ರಿಸುವುದಾದರೆ ಜನವರಿಯಿಂದ ಆರಂಭವಾಗುವ ನೇರ ಗೆರೆಗಿಂತ ವರ್ತುಲವೇ ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅದೇ ಮಳೆಗಾಲ ಗದ್ದೆಯಲ್ಲಿ ನಾಟಿಯ ಕಾಲ. ಯಕ್ಷಗಾನ ಮೇಳಗಳ ತಿರುಗಾಟ ಮಳೆ ಮುಗಿದ ಮೇಲೆ ಆರಂಭವಾಗಿ ಮುಂದಿನ ಮಳೆಗೆ ಮುನ್ನ ಮುಗಿಯುತ್ತದೆ. ದೋಣಿಗೆ ಹೋಗುವ ಒಬ್ಬರು, ಗದ್ದೆ ನೋಡುವ ಒಬ್ಬರು, ಮೇಳದಲ್ಲಿರುವ ಒಬ್ಬರು ಇರುವ ಮನೆಯಲ್ಲಿ ಮೂರು ವರ್ತುಲಗಳನ್ನು ಒಂದರೊಳಗೊಂದು ಎಳೆದರೆ, ಎಲ್ಲರೂ ಮನೆಯಲ್ಲಿರುವ ತಿಂಗಳು ಯಾವುದು, ಆದಾಯ ನಿಲ್ಲುವ ತಿಂಗಳು ಯಾವುದು ಎಂಬುದು ತಾನಾಗಿ ಕಾಣುತ್ತದೆ. ಹೋಟೆಲ್ ಕೆಲಸಕ್ಕಾಗಿ ಬೆಂಗಳೂರು, ಮುಂಬಯಿಗಳಿಗೆ ಹೋದವರಿದ್ದರೆ ಅದಕ್ಕೆ ಭೂಪಟವನ್ನು ಸೇರಿಸಬೇಕಾಗುತ್ತದೆ.

ಮಿತಿಗಳು ಮತ್ತು ಖಾಸಗಿತನ

ಎಣಿಸಲು ಸುಲಭವಾದುದು ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ. ದುಃಖ, ಕಾಯುವಿಕೆ, ಮನೆಗೆಲಸ ಮೊದಲಾದವು ಬಿಟ್ಟುಹೋಗುವ ಸಂಭವವಿದೆ. ದಾಖಲೆ ಇರುವವರ ಬದುಕು ತುಂಬಿದಂತೆಯೂ ಇಲ್ಲದವರದು ಖಾಲಿಯಂತೆಯೂ ತೋರುತ್ತದೆ. ಆದ್ದರಿಂದ ಮಾಹಿತಿ ಇಲ್ಲದ ಕಡೆಯನ್ನು ಪ್ರೀಸ್ಟ್ಲಿಯ ಚುಕ್ಕಿಗಳಂತೆ ಪ್ರತ್ಯೇಕವಾಗಿ ಗುರುತಿಸುವುದು ಒಳ್ಳೆಯ ಕ್ರಮ.

ಒಬ್ಬರ ಜೀವನ ಪಟದಲ್ಲಿ ಕುಟುಂಬದ ಇತರರ ಕಾಯಿಲೆ, ಸಾಲ, ವೈವಾಹಿಕ ವಿಷಯಗಳೂ ಸೇರಿಬರುವುದರಿಂದ ಪ್ರಕಟಿಸುವ ಮುನ್ನ ಅವರ ಒಪ್ಪಿಗೆ ಮುಖ್ಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿತು.