ವ್ಹೀಲ್ ರೇಕ್: ಬಳಸಿದ ಯಂತ್ರದ ಹೊಂದಾಣಿಕೆ

ವ್ಹೀಲ್ ರೇಕ್ ಎಂಬುದು ಕೊಯ್ದು ಒಣಗಿಸಿದ ಹುಲ್ಲನ್ನು ಸಾಲಾಗಿ ಕೂಡಿಸಲು ಟ್ರ್ಯಾಕ್ಟರಿನ ಹಿಂದೆ ಎಳೆಯುವ ಉಪಕರಣ. 1948ರಲ್ಲಿ ನೆದರ್ಲೆಂಡ್ಸ್‌ನ ಫಾನ್ ಡರ್ ಲೇಲಿ ಸಹೋದರರು ರೂಪಿಸಿದ ಇದರ ಓರೆಯಾಗಿ ನಿಂತ ಚಕ್ರಗಳು ಎಂಜಿನ್ನಿನ ಶಕ್ತಿಯನ್ನು ಪಡೆಯದೆ, ಅಂಚಿನ ತಂತಿಹಲ್ಲುಗಳು ನೆಲಕ್ಕೂ ಹುಲ್ಲಿಗೂ ತಾಗುವುದರಿಂದಲೇ ತಿರುಗುತ್ತವೆ. ಹಳೆಯ ಯಂತ್ರವನ್ನು ಕೊಂಡವರು ಮುರಿದ ಹಲ್ಲು, ಸಡಿಲಗೊಂಡ ಬೇರಿಂಗ್, ಬಾಗಿದ ತೋಳು, ಕಸುವು ಕಳೆದುಕೊಂಡ ಸ್ಪ್ರಿಂಗ್‌ಗಳನ್ನು ಮೊದಲು ಸರಿಪಡಿಸಿ, ಎರಡೂ ಬದಿಯ ಟೈರುಗಳ ಗಾಳಿಯನ್ನು ಸಮಗೊಳಿಸಿ, ಸಮತಟ್ಟಾದ ನೆಲದ ಮೇಲೆ ಚೌಕಟ್ಟನ್ನು ಮಟ್ಟಕ್ಕೆ ತರಬೇಕು. ನಿಜವಾದ ಕೌಶಲವಿರುವುದು ಸ್ಪ್ರಿಂಗಿನ ಬಿಗಿತವನ್ನು ಹೊಂದಿಸುವುದರಲ್ಲಿ: ಹಲ್ಲಿನ ತುದಿ ನೆಲವನ್ನು ಹಗುರವಾಗಿ ಸವರಬೇಕಲ್ಲದೆ ಕೆರೆಯಬಾರದು, ಏಕೆಂದರೆ ಒತ್ತಡ ಹೆಚ್ಚಾದರೆ ಮಣ್ಣು ಬೆರೆತು ಮೇವಿನ ಬೂದಿಯಂಶ ಏರುತ್ತದೆ, ಕಡಿಮೆಯಾದರೆ ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ. ಸಾಲಿನ ಅಗಲವನ್ನು ಬೇಲರ್, ಅಂದರೆ ಹುಲ್ಲನ್ನು ಒತ್ತಿ ಕಟ್ಟುವ ಯಂತ್ರ, ಎತ್ತಿಕೊಳ್ಳಬಲ್ಲ ಅಗಲಕ್ಕೆ ಹೊಂದಿಸಲಾಗುತ್ತದೆ.