ಗೊರಕೆಯ ಎತ್ತಿನಿಂದ ಪಂಜರದ ಮೀನಿನವರೆಗೆ: ಕಾರವಾರ–ಅಂಕೋಲಾ ಸೀಮೆಯ ಪರೋಪಜೀವಿ ಚರಿತ್ರೆ

ಎತ್ತು ಗೊರಕೆ ಹೊಡೆಯುತ್ತಿದೆ ಎಂದರೆ ಅದಕ್ಕೆ ನಿದ್ದೆ ಬಂದಿದೆ ಎಂದುಕೊಳ್ಳಬೇಕಿಲ್ಲ. ನೇಗಿಲು ಎಳೆಯುವಾಗಲೂ, ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುವಾಗಲೂ ಆ ಸದ್ದು ಬರುತ್ತಿದ್ದರೆ, ಹೊಳ್ಳೆಯಿಂದ ಕೀವು ಬೆರೆತ ಲೋಳೆ ಇಳಿಯುತ್ತಿದ್ದರೆ, ಪಶುವೈದ್ಯರು ಮೊದಲು ಶಂಕಿಸುವುದು ಒಂದು ಹುಳುವನ್ನು. ಷಿಸ್ಟೊಸೋಮಾ ನೇಸೇಲ್ ಎಂಬ ಈ ಹುಳು ಮೂಗಿನ ಒಳಪೊರೆಯ ರಕ್ತನಾಳಗಳಲ್ಲಿ ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತದೆ. ಅದರ ಮೊಟ್ಟೆಗಳು ಅಂಗಾಂಶದಲ್ಲಿ ಸಿಕ್ಕಿಕೊಂಡ ಕಡೆ ಹೂಕೋಸಿನಂಥ ಗಡ್ಡೆ ಏಳುತ್ತದೆ. ಉಸಿರಿನ ದಾರಿ ಕಿರಿದಾಗಿ ಗೊರಕೆ ಶುರುವಾಗುತ್ತದೆ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ಪಶುವೈದ್ಯರಿಗೆ ಇದು ಹಳೆಯ ಪರಿಚಯ. ಸೋಜಿಗವೆಂದರೆ, ಎಮ್ಮೆಗೂ ಈ ಹುಳು ಹತ್ತುತ್ತದೆ, ಆದರೆ ಅದು ಹಸು ಎತ್ತುಗಳಷ್ಟು ಬಾಧೆ ತೋರಿಸುವುದಿಲ್ಲ.

ಕಾಳಿ ಮತ್ತು ಗಂಗಾವಳಿ ನದಿಗಳ ನಡುವಿನ ಈ ತುಂಡು ಕರಾವಳಿಯಲ್ಲಿ ಸಾಕುಪ್ರಾಣಿಗಳ ಪರೋಪಜೀವಿಗಳ ಚರಿತ್ರೆ ಬರೆಯಹೊರಟವರು ಹುಳುಗಳನ್ನಷ್ಟೇ ಹಿಂಬಾಲಿಸಿದರೆ ಸಾಲದು. ಪ್ರಾಣಿಯನ್ನು ಎಲ್ಲಿ ಕಟ್ಟಿದರು, ಎಲ್ಲಿ ಮೇಯಿಸಿದರು, ಯಾವ ನೀರಿಗೆ ಇಳಿಸಿದರು ಎಂಬುದನ್ನೂ ನೋಡಬೇಕು. ಸಾಕುವ ರೀತಿ ಬದಲಾದಾಗಲೆಲ್ಲ ಇಲ್ಲಿ ರೋಗದ ಸರದಿಯೂ ಬದಲಾಗಿದೆ.

ಭಾರತದಲ್ಲಿ ಪರೋಪಜೀವಿ ಶಾಸ್ತ್ರ ಹುಟ್ಟಿದ್ದು ದನದಿಂದಲ್ಲ, ಸೈನ್ಯದ ಕುದುರೆ ಒಂಟೆಗಳಿಂದ. 1880ರಲ್ಲಿ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯ ಸರ್ರಾ ರೋಗ ಬಡಿದ ಪ್ರಾಣಿಗಳ ರಕ್ತದಲ್ಲಿ ಹೊರಳಾಡುವ ಸೂಕ್ಷ್ಮಜೀವಿಯನ್ನು ಕಂಡ. ಟ್ರಿಪನೊಸೋಮಾ ಗುಂಪಿನ ಜೀವಿ ರೋಗ ತರುತ್ತದೆ ಎಂಬುದಕ್ಕೆ ಜಗತ್ತಿನಲ್ಲೇ ಅದು ಮೊದಲ ಪುರಾವೆ. ಮೇಲಧಿಕಾರಿಗಳು ಆಗ ಅದನ್ನು ಅಷ್ಟಾಗಿ ನಂಬಲಿಲ್ಲ. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ ಇದೇ.

ದನದ ಮೂಗಿನ ಗಡ್ಡೆಯ ಗುಟ್ಟು ಬಿಚ್ಚಿದ್ದು 1930ರ ದಶಕದ ಆರಂಭದಲ್ಲಿ. 1932ರಲ್ಲಿ ಮುಕ್ತೇಶ್ವರದ ಎಸ್.ಸಿ.ಎ. ದತ್ತ ಗಡ್ಡೆಗೂ ಷಿಸ್ಟೊಸೋಮಾ ಹುಳುವಿಗೂ ಇರುವ ನಂಟನ್ನು ಬರೆದರು. ಮರುವರ್ಷ ಮದ್ರಾಸಿನ ಎಂ.ಎ.ಎನ್. ರಾವ್ ಕರುಗಳಿಗೆ ಪ್ರಯೋಗದ ಮೂಲಕ ಸೋಂಕು ತಗುಲಿಸಿ ತೋರಿಸಿದರು. ಹುಳುವಿನ ವೈಜ್ಞಾನಿಕ ಹೆಸರಿನ ಜೊತೆ ಇಂದಿಗೂ ‘ರಾವ್, 1933’ ಎಂದೇ ಬರೆಯುತ್ತಾರೆ. ಇಲ್ಲಿ ಒಂದು ಆಡಳಿತದ ತಮಾಷೆ ಇದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಮಳೆ, ಒಂದೇ ಬಗೆಯ ಗದ್ದೆ, ಒಂದೇ ತಳಿಯ ದನ. ಆದರೆ ಮಂಗಳೂರಿನ ಕಾಗದಪತ್ರ ಮದ್ರಾಸಿಗೆ, ಕಾರವಾರದ್ದು ಮುಂಬಯಿಗೆ. 1956ರಲ್ಲಿ ಎರಡೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬರುವವರೆಗೆ ಹೀಗೇ ನಡೆಯಿತು. ಈ ಕರಾವಳಿಯ ಪಶುರೋಗಗಳನ್ನು ಒಂದೇ ಪಟ್ಟಿಯಾಗಿ ನೋಡುವ ಅಭ್ಯಾಸ ತಡವಾಗಿ ಬಂದಿದ್ದರೆ ಅದಕ್ಕೆ ಈ ಗಡಿಯೂ ಒಂದು ಕಾರಣವಿರಬೇಕು.

ಮೂಗಿನಿಂದ ಮೂಗಿಗೆ ಈ ಹುಳು ನೇರ ದಾಟುವುದಿಲ್ಲ. ಲೋಳೆಯ ಜೊತೆ ನೀರಿಗೆ ಬಿದ್ದ ಮೊಟ್ಟೆ ಒಡೆದು ಮರಿ ಹೊರಬರುತ್ತದೆ, ಒಂದು ಬಸವನಹುಳುವಿನ ಮೈ ಹೊಕ್ಕು ಸಾವಿರಾರಾಗಿ ಹೆಚ್ಚುತ್ತದೆ. ಮತ್ತೆ ನೀರಿಗಿಳಿದು ಅಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಆ ಮಧ್ಯವರ್ತಿ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂಬ ಚಪ್ಪಟೆ ಸುರುಳಿಯ ಬಸವನಹುಳು ಎಂಬುದನ್ನು ಅದೇ ಸಂಶೋಧನಾ ಸಂಸ್ಥೆಯ ಇಜ್ಜತ್‌ನಗರದ ಎಸ್.ಸಿ. ದತ್ ಮತ್ತು ಎಚ್.ಡಿ. ಶ್ರೀವಾಸ್ತವ 1960ರ ದಶಕದಲ್ಲಿ ಖಚಿತಪಡಿಸಿದರು. ಕೆರೆ, ಹೊಂಡ, ನಿಂತ ನೀರಿನ ಗದ್ದೆ ಇದಕ್ಕೆ ಒಗ್ಗುವ ಜಾಗಗಳು. ಅಂಕೋಲೆಯ ಭತ್ತದ ಬಯಲಿನಲ್ಲಿ ಮಳೆಗಾಲದಲ್ಲಿ ಇವುಗಳಿಗೆ ಬರವಿಲ್ಲ. ಇದೇ ಬಸವನಹುಳುವಿನಿಂದ ಹೊರಟ ಮರಿಗಳು ನಾಟಿ ಮಾಡುವವರ ಕಾಲಿಗೂ ಚುಚ್ಚುತ್ತವೆ. ಮನುಷ್ಯರಲ್ಲಿ ಬೆಳೆಯಲಾರದೆ ಚರ್ಮದಲ್ಲೇ ಸಾಯುತ್ತವೆ, ಕೆರೆತ ಮಾತ್ರ ಉಳಿಯುತ್ತದೆ.

ಮನುಷ್ಯರಲ್ಲಿ ಬೆಳೆಯುವ ಷಿಸ್ಟೊಸೋಮಾ ಭಾರತದಲ್ಲಿ ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಎಂಬ ವೈದ್ಯರು ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಅದನ್ನು ವರದಿ ಮಾಡಿದರು. ಕಾರವಾರದಿಂದ ಉತ್ತರಕ್ಕೆ, ಇದೇ ಪಶ್ಚಿಮ ಕರಾವಳಿಯ ಊರದು.

ಗೊರಕೆ ರೋಗಕ್ಕೆ ಆಂಟಿಮನಿ ಬೆರೆತ ಚುಚ್ಚುಮದ್ದುಗಳು ದಶಕಗಳ ಕಾಲ ಬಳಕೆಯಲ್ಲಿದ್ದವು. ಆದರೂ ಗೊರಕೆಯ ಎತ್ತು ಇಂದು ಅಪರೂಪವಾಗಿದ್ದರೆ ಅದರ ಶ್ರೇಯಸ್ಸಿನಲ್ಲಿ ಒಂದು ಪಾಲನ್ನು ಪವರ್ ಟಿಲ್ಲರ್‌ಗೂ ಕೊಡಬೇಕು. ಉಳುವ ಎತ್ತು ಕೆಸರುಗದ್ದೆಗೆ ಇಳಿಯುವುದು ನಿಂತರೆ ಹುಳುವಿಗೆ ಚರ್ಮವೇ ಸಿಗದು.

ಗದ್ದೆಯಿಂದ ಗುಡ್ಡಕ್ಕೆ ಹತ್ತಿದರೆ ಉಣ್ಣಿಯ ಸಾಮ್ರಾಜ್ಯ. ಈ ಜಿಲ್ಲೆಯ ಗಿಡ್ಡ ಮೈಯ ದನಗಳು ಮಳೆಯಲ್ಲಿ ನೆನೆದು ಬೆಟ್ಟದಲ್ಲಿ ಮೇಯ್ದು ಬದುಕಿದವು. 2012ರಲ್ಲಿ ‘ಮಲೆನಾಡು ಗಿಡ್ಡ’ ಎಂಬ ಅಧಿಕೃತ ತಳಿಯಾಗಿ ಅವಕ್ಕೆ ಮಾನ್ಯತೆ ಸಿಕ್ಕಿತು. ಹಾಲು ಸೇರುಗಳ ಲೆಕ್ಕದಲ್ಲಿ ಕಡಿಮೆ, ಆದರೆ ಉಣ್ಣಿ ಹರಡುವ ಜ್ವರಗಳನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚು. ಹೆಚ್ಚು ಹಾಲಿನ ಆಸೆಗೆ ಜೆರ್ಸಿ, ಎಚ್‌ಎಫ್ ಮಿಶ್ರತಳಿ ಬಂದಾಗ ಥೈಲೇರಿಯಾ, ಬೆಬೇಸಿಯಾಗಳಂಥ ರಕ್ತದ ಪರೋಪಜೀವಿಗಳು ಪಶು ಆಸ್ಪತ್ರೆಗಳ ದಿನನಿತ್ಯದ ತಲೆನೋವಾದವು. ಮೂತ್ರ ಕೆಂಪಾಗುವುದು ಬೆಬೇಸಿಯಾದ ಗುರುತು. ಉಣ್ಣಿಯೇ ರೋಗ ದಾಟಿಸುತ್ತದೆ ಎಂದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ಸಾಬೀತು ಮಾಡಿದ್ದು ಇದೇ ಜಾತಿಯ ರೋಗದ ಮೇಲೆ.

ದನದ ಉಣ್ಣಿಯ ಅಧ್ಯಯನಕ್ಕೆ ಪಶ್ಚಿಮಘಟ್ಟದಲ್ಲಿ ನಿಜವಾದ ತಿರುವು ತಂದದ್ದು ಮಾತ್ರ ಮನುಷ್ಯರ ಸಾವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡು ಸೇರಿ ಉಣ್ಣಿ ಆರಿಸಿದರು. ರೋಗಕಾರಕ ವೈರಸ್, ಹೊರುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿ. ವಿಜ್ಞಾನಿ ಹಾರ್ಹೆ ಬೊಶೆಲ್ 1969ರಲ್ಲಿ ಪ್ರಕಟಿಸಿದ ಬರಹದ ವಾದ ಇಂದಿಗೂ ಓದತಕ್ಕದ್ದು: ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ಬಿಟ್ಟಾಗ ಪ್ರಾಯದ ಉಣ್ಣಿಗಳಿಗೆ ರಕ್ತದ ಊಟ ಧಾರಾಳವಾಯಿತು. ದನಕ್ಕೆ ಈ ಜ್ವರ ಬಾರದು, ಆದರೆ ಉಣ್ಣಿಯ ಸಂಖ್ಯೆ ಏರಿಸುವುದು ಅದೇ. ಮುಂದೆ ಉತ್ತರ ಕನ್ನಡ ಜಿಲ್ಲೆಯೂ ಈ ಮಂಗನ ಕಾಯಿಲೆಯ ನಕ್ಷೆಗೆ ಸೇರಿತು.

ಇನ್ನು ಕೋಳಿ. ಅಂಗಳದಲ್ಲಿ ಕೆದರುತ್ತ ತಿರುಗುವ ಊರ ಕೋಳಿಯ ಹೊಟ್ಟೆಯಲ್ಲಿ ಜಂತು, ಲಾಡಿಹುಳು ಇದ್ದೇ ಇರುತ್ತವೆ. ಇರುವೆ, ಜೀರುಂಡೆ ತಿಂದರೆ ಲಾಡಿಹುಳು ಬಳುವಳಿ. ಅದು ಬಡವಾಗುತ್ತದೆಯೇ ಹೊರತು ಒಮ್ಮೆಗೇ ಸಾಯುವುದು ಕಡಿಮೆ. ನೂರಾರು ಮರಿಗಳನ್ನು ಒಂದೇ ಚಾವಣಿಯಡಿ, ಭತ್ತದ ಹೊಟ್ಟಿನ ಹಾಸಿನ ಮೇಲೆ ಸಾಕಿದಾಗ ಪ್ರಬಲವಾಗುವುದು ಬೇರೆಯೇ ಜೀವಿ, ಐಮೇರಿಯಾ. ಇದರ ರೋಗ ಕಾಕ್ಸಿಡಿಯೋಸಿಸ್. ಮರಿ ಮುದುಡಿ ನಿಂತು ರಕ್ತದ ಹಿಕ್ಕೆ ಹಾಕುತ್ತದೆ. ಹಿಕ್ಕೆಯಲ್ಲಿ ಬಿದ್ದ ಐಮೇರಿಯಾದ ಬೀಜಕೋಶ ಸೋಂಕು ತಗುಲಿಸುವ ಹಂತಕ್ಕೆ ಬರಲು ಬೇಕಾದದ್ದು ಬೆಚ್ಚಗಿನ ಹವೆ, ತೇವ ಮತ್ತು ಗಾಳಿ. ಎರಡು ದಿನ ಸಾಕು. ಜೂನ್ ತಿಂಗಳ ಕಾರವಾರ ಈ ಮೂರನ್ನೂ ಪುಕ್ಕಟೆ ಕೊಡುತ್ತದೆ. ಹಾಗಾಗಿ ಇಲ್ಲಿನ ಕೋಳಿ ಸಾಕಣೆಯಲ್ಲಿ ಔಷಧಿಗಿಂತ ಮುಖ್ಯ, ನೀರಿನ ಪಾತ್ರೆ ಸೋರದಂತೆ ನೋಡುವುದು ಮತ್ತು ಹಾಸನ್ನು ತಿರುವಿ ಒಣಗಿಸುವುದು.

ಕೋಳಿಯ ಐಮೇರಿಯಾಗಳನ್ನು ಬೇರೆಬೇರೆ ಪ್ರಭೇದಗಳಾಗಿ ಬಿಡಿಸಿಟ್ಟದ್ದು ಹಾರ್ವರ್ಡಿನ ಅರ್ನೆಸ್ಟ್ ಟೈಜರ್, 1929ರಲ್ಲಿ. ಭಾರತದಿಂದ ಎಚ್.ಎನ್. ರೇ 1945ರಲ್ಲಿ ಕೋಳಿಯಲ್ಲೇ ವೆನ್ಯೊನೆಲ್ಲಾ ಗ್ಯಾಲಿನೇ ಎಂಬ ಹೊಸ ಕಾಕ್ಸಿಡಿಯಾವನ್ನು ವಿವರಿಸಿದರು. ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ಗಿರಿರಾಜ ಕೋಳಿಯನ್ನು ಹಿತ್ತಲಿನಲ್ಲೇ ಬೆಳೆಸಲೆಂದು ರೂಪಿಸಿದ್ದರ ಹಿಂದಿನ ವಿವೇಕ ತೇವದ ಹಾಸಿನ ಈ ಕಾಟದ ಹಿನ್ನೆಲೆಯಲ್ಲಿ ಇನ್ನಷ್ಟು ತಿಳಿಯುತ್ತದೆ. ಅದು ಬಯಲಲ್ಲಿ ತಿರುಗಾಡುವ ಹಕ್ಕಿ, ತನ್ನದೇ ಹಿಕ್ಕೆಯ ಮೇಲೆ ದಿನವಿಡೀ ಕೂರುವುದಿಲ್ಲ.

ಈ ಸೀಮೆಯಲ್ಲಿ ಸಾಕುಪ್ರಾಣಿ ಎಂದರೆ ನಾಲ್ಕು ಕಾಲು, ಎರಡು ಕಾಲಿಗೇ ಮುಗಿಯದು. ಅಂಕೋಲಾ–ಕುಮಟಾ ಕಡೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ನೀರಿನ ಜೊತೆ ತಾನಾಗಿ ಬಂದ ಶೆಟ್ಲಿಯನ್ನು, ಅಂದರೆ ಸೀಗಡಿಯನ್ನು, ಹಿಡಿಯುವುದು ಹಳೆಯ ಪದ್ಧತಿ. ಆಮೇಲೆ ಮರಿ ತಂದು ಬಿಟ್ಟು ಬೆಳೆಸುವ ಕೊಳಗಳು ಬಂದವು. 2009ರಲ್ಲಿ ವನಾಮಿ ಸೀಗಡಿಗೆ ದೇಶದಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷ ಥಾಯ್ಲೆಂಡಿನಲ್ಲಿ ಎಂಟೆರೊಸೈಟೊಜೂನ್ ಹೆಪಟೊಪೆನೇಯಿ ಎಂಬ ಸೂಕ್ಷ್ಮ ಪರೋಪಜೀವಿಯನ್ನು ವಿಜ್ಞಾನಿಗಳು ಹೆಸರಿಸಿದರು. ಸೀಗಡಿ ಬೆಳೆಗಾರರ ಬಾಯಲ್ಲಿ ಅದು ‘ಇಎಚ್‌ಪಿ’. ಸೀಗಡಿ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಮೇವು ಮುಗಿಯುತ್ತದೆ, ತೂಕ ಏರದು. ಕೆಲವೇ ವರ್ಷಗಳಲ್ಲಿ ಅದು ಭಾರತದ ಕೊಳಗಳಲ್ಲೂ ಪತ್ತೆಯಾಯಿತು. ಸಾಯಿಸದ ರೋಗವೇ ಸಾಲಗಾರನನ್ನು ಹೆಚ್ಚು ಕಾಡುತ್ತದೆ.

ಕಾರವಾರದ ಹೆಸರು ದೇಶದ ಸಾಗರ ಕೃಷಿಯಲ್ಲಿ ಕೇಳಿಬಂದದ್ದು ಪಂಜರದಿಂದ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಇಲ್ಲಿನ ಕೇಂದ್ರ ಮೊದಲು ಗುರುತಿಸಿಕೊಂಡಿದ್ದು ಬಾಂಗಡೆಯ ಅಧ್ಯಯನಕ್ಕೆ, ಎಲ್.ಬಿ. ಪ್ರಧಾನ್ 1956ರಲ್ಲಿ ಕಾರವಾರದ ಬಾಂಗಡೆ ಮೀನುಗಾರಿಕೆಯ ಬಗ್ಗೆ ಬರೆದ ಪ್ರಬಂಧ ಪ್ರಸಿದ್ಧ. ಐದು ದಶಕಗಳ ಬಳಿಕ ಅದೇ ಕೇಂದ್ರ ಕೊಲ್ಲಿಯ ನೀರಿನಲ್ಲಿ ದುಂಡನೆಯ ಪಂಜರ ತೇಲಿಬಿಟ್ಟು, ಗೋವಾ–ಕಾರವಾರದ ಕೊಂಕಣಿಯಲ್ಲಿ ಚೋಣಕ್ ಎನ್ನುವ ಸೀಬಾಸನ್ನೂ ಮೋದಸೋ ಎನ್ನುವ ಕೋಬಿಯಾವನ್ನೂ ಸಾಕಿತು. ಪಂಜರ ಕೃಷಿಯ ಕೈಪಿಡಿಯೂ 2012ರಲ್ಲಿ ಅಲ್ಲಿಂದಲೇ ಹೊರಬಂತು.

ಕಡಲಲ್ಲಿ ತಿರುಗುವ ಮೀನಿನ ಮೈಮೇಲೂ ಹುಳು ಇರುತ್ತದೆ, ಆದರೆ ಮರಿಗೆ ಮುಂದಿನ ಮೀನು ಸಿಗುವುದು ಅಪರೂಪ. ಪಂಜರದಲ್ಲಿ ಸಾವಿರ ಮೀನುಗಳು ಒಂದರ ಪಕ್ಕ ಒಂದು. ನಿಯೋಬೆನೆಡೆನಿಯಾ ಎಂಬ ಚಪ್ಪಟೆ ಹುಳುವಿಗೆ ಬಸವನಹುಳುವಿನ ಹಂಗೂ ಇಲ್ಲ, ಮೀನಿನಿಂದ ಮೀನಿಗೆ ನೇರ ಹಾಯುತ್ತದೆ. ಮೊದಲು ಅದನ್ನು ಮ್ಯಾಕ್‌ಕಲಂ ವಿವರಿಸಿದ್ದೂ ಕಡಲಿನಿಂದಲ್ಲ, 1927ರಲ್ಲಿ ನ್ಯೂಯಾರ್ಕಿನ ಮೀನು ಪ್ರದರ್ಶನಾಲಯದ ತೊಟ್ಟಿಯಿಂದ. ಮೈಯ ಲೋಳೆ ತಿಂದು, ಕಣ್ಣಿನ ಪೊರೆ ಕೆಡಿಸುವ ಈ ಹುಳುವಿಗೆ ಬಲ್ಲವರು ಮಾಡುವ ಚಿಕಿತ್ಸೆ ಸರಳ: ಮೀನನ್ನು ಕೆಲವು ನಿಮಿಷ ಸಿಹಿನೀರಿನಲ್ಲಿ ಅದ್ದುವುದು. ಹುಳು ಬೆಳ್ಳಗಾಗಿ ಉದುರುತ್ತದೆ. ಮೊಟ್ಟೆಗೆ ಮಾತ್ರ ಸಿಹಿನೀರು ನಾಟದು. ಅದರ ನೂಲಿನಂಥ ಬಾಲ ಬಲೆಯ ಕಣ್ಣುಗಳಿಗೆ ಸಿಕ್ಕಿಕೊಂಡು ಅಲ್ಲೇ ಇರುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ವಾರದ ಆಸುಪಾಸಿನಲ್ಲಿ ಒಡೆಯುತ್ತದೆ. ಆದ್ದರಿಂದ ಹೊಸ ಮರಿಗಳು ಮೊಟ್ಟೆಯಿಡುವ ಪ್ರಾಯಕ್ಕೆ ಬರುವ ಮುನ್ನ ಎರಡನೆಯ ಸ್ನಾನವಾಗಬೇಕು, ಹಳೆಯ ಬಲೆಯನ್ನು ಬಿಚ್ಚಿ ದಡಕ್ಕೆ ತಂದು ಬಿಸಿಲಿಗೆ ಹರವಬೇಕು.