ಇನ್‌ಲೈನ್ ಸ್ಕೇಟ್: ಭಾಗಗಳು ಮತ್ತು ಅವುಗಳ ಕಾರ್ಯ

ಒಂದರ ಹಿಂದೊಂದರಂತೆ ಒಂದೇ ಸಾಲಿನಲ್ಲಿ ಗಾಲಿಗಳನ್ನು ಜೋಡಿಸಿದ ಪಾದರಕ್ಷೆಯೇ ಇನ್‌ಲೈನ್ ಸ್ಕೇಟ್. ಈ ರಚನೆ ಹೊಸದೇನಲ್ಲ. 1819ರಲ್ಲೇ ಪ್ಯಾರಿಸ್‌ನ ಪೆಟಿಬ್ಲೆಡ್ ಇದಕ್ಕೆ ಪೇಟೆಂಟ್ ಪಡೆದಿದ್ದ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್, ಮುಂದೆರಡು ಹಿಂದೆರಡು ಗಾಲಿಗಳ ಸ್ಕೇಟ್ ರೂಪಿಸಿದ ಬಳಿಕ ಹಳೆಯ ಮಾದರಿ ಮೂಲೆಗುಂಪಾಯಿತು. 1980ರ ದಶಕದಲ್ಲಿ ಮಿನ್ನೆಸೋಟದ ಓಲ್ಸನ್ ಸೋದರರ 'ರೋಲರ್‌ಬ್ಲೇಡ್' ಅದಕ್ಕೆ ಮರುಜೀವ ನೀಡಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ 3,000 ಮೀಟರ್ ರಿಲೇಯಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಕಂಚು ಗೆದ್ದವು.

ಬೂಟು: ಗಟ್ಟಿಯಾದ ಹೊರಕವಚ ಹಾಗೂ ಮೆತ್ತನೆಯ ಒಳಪದರ ಇದರ ಎರಡು ಅಂಗಗಳು. ಕಣಕಾಲನ್ನು ಸುತ್ತುವರಿಯುವ ಮೇಲ್ಭಾಗವನ್ನು 'ಕಫ್' ಎನ್ನುತ್ತಾರೆ. ಕಾಲು ಪಕ್ಕಕ್ಕೆ ಉಳುಕದಂತೆ ತಡೆಯುವುದು ಇದರ ಕೆಲಸ. ಲೇಸು, ಪಟ್ಟಿ ಹಾಗೂ ಬಕಲ್‌ಗಳು ಹಿಮ್ಮಡಿಯನ್ನು ಅಲುಗದಂತೆ ಹಿಡಿದಿಡುತ್ತವೆ. ಮಕ್ಕಳು ಬೆಳೆಯುತ್ತಾರೆಂದು ದೊಡ್ಡ ಅಳತೆಯ ಬೂಟು ಕೊಡಿಸಿದರೆ ಈ ಹಿಡಿತವೇ ತಪ್ಪುತ್ತದೆ.

ಫ್ರೇಮ್: ಬೂಟಿನ ಅಡಿಗೆ ಗಾಲಿಗಳನ್ನು ಬಂಧಿಸುವ ಚೌಕಟ್ಟು. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನಿಂದ ತಯಾರಾಗುತ್ತದೆ. ಉದ್ದನೆಯ ಫ್ರೇಮ್ ವೇಗದಲ್ಲಿ ಸ್ಥಿರತೆ ನೀಡಿದರೆ, ಗಿಡ್ಡನೆಯದು ಥಟ್ಟನೆ ತಿರುಗಲು ಅನುಕೂಲ.

ಗಾಲಿ: ಪಾಲಿಯುರೆಥೇನ್‌ನಿಂದ ಮಾಡಿದ ಗಾಲಿಯ ಮೇಲೆ '80 ಎಂಎಂ 82ಎ' ಎಂಬಂತಹ ಬರಹವಿರುತ್ತದೆ. ಮೊದಲನೆಯದು ವ್ಯಾಸ, ಎರಡನೆಯದು ಗಡಸುತನ. ಚಿಕ್ಕ ಗಾಲಿ ಹತೋಟಿಗೆ ಸುಲಭ. ದೊಡ್ಡದು ವೇಗಕ್ಕೆ ಸೂಕ್ತ. ಸ್ಪರ್ಧೆಗಳಲ್ಲಿ 110 ಎಂಎಂ ಗಾಲಿ ಸಾಮಾನ್ಯ. ಮೃದು ಗಾಲಿ ಒರಟು ನೆಲದ ಅದುರನ್ನು ಹೀರಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ.

ಬೇರಿಂಗ್: ಪ್ರತಿ ಗಾಲಿಗೂ ಎರಡು ಬೇರಿಂಗ್‌ಗಳು, ಅವುಗಳ ನಡುವೆ ಒಂದು ಸ್ಪೇಸರ್. ಬಹುತೇಕ ಬಳಕೆಯಲ್ಲಿರುವ '608' ಬೇರಿಂಗ್‌ನ ಹೊರವ್ಯಾಸ 22 ಎಂಎಂ, ಒಳವ್ಯಾಸ 8 ಎಂಎಂ. ಅದರ ಮೇಲಿನ 'ಎಬೆಕ್' 1, 3, 5, 7, 9 ಅಂಕಿಗಳು ತಯಾರಿಕೆಯ ಅಳತೆಯ ನಿಖರತೆಯನ್ನಷ್ಟೇ ಸೂಚಿಸುತ್ತವೆ. ಅಂಕಿ ದೊಡ್ಡದಾದಷ್ಟೂ ವೇಗ ಹೆಚ್ಚೆಂಬುದು ತಪ್ಪು ಗ್ರಹಿಕೆ. ನೀರು ಮತ್ತು ಧೂಳು ಬೇರಿಂಗ್‌ನ ಶತ್ರುಗಳು.

ಆಕ್ಸಲ್: ಗಾಲಿಯನ್ನು ಫ್ರೇಮ್‌ಗೆ ಬಿಗಿಯುವ ಬೋಲ್ಟ್. ಇದು ಸಡಿಲಗೊಂಡರೆ ಓಟದ ನಡುವೆಯೇ ಗಾಲಿ ಕಳಚೀತು. ಆದ್ದರಿಂದ ಪ್ರತಿ ಬಾರಿ ಸ್ಕೇಟ್ ತೊಡುವ ಮುನ್ನ ಪರೀಕ್ಷಿಸುವುದು ಅಗತ್ಯ.

ಬ್ರೇಕ್: ಸಾಮಾನ್ಯವಾಗಿ ಬಲಗಾಲಿನ ಸ್ಕೇಟ್‌ನ ಹಿಮ್ಮಡಿಯಲ್ಲಿರುವ ರಬ್ಬರ್ ತುಂಡು. ಆ ಕಾಲನ್ನು ಮುಂದಕ್ಕೆ ಚಾಚಿ ಬೆರಳತುದಿಯನ್ನು ಮೇಲೆತ್ತಿದಾಗ ರಬ್ಬರ್ ನೆಲಕ್ಕೆ ಉಜ್ಜಿ ವೇಗ ತಗ್ಗುತ್ತದೆ. ಸ್ಪರ್ಧೆಯ ಸ್ಕೇಟ್‌ಗಳಲ್ಲಿ ಬ್ರೇಕ್ ಇರುವುದಿಲ್ಲ. ಹಾಗಾಗಿ ನಿಲ್ಲುವ ಬೇರೆ ವಿಧಾನಗಳನ್ನು ಕಲಿಯದ ಮಕ್ಕಳಿಗೆ ಅವು ಅಪಾಯಕಾರಿ.

ನಿರ್ವಹಣೆ: ಗಾಲಿಗಳ ಒಳಅಂಚು ಬೇಗ ಸವೆಯುವುದರಿಂದ ಆಗಾಗ್ಗೆ ಅವುಗಳ ಸ್ಥಾನ ಬದಲಿಸಿ, ಮಗ್ಗುಲು ತಿರುಗಿಸಿ ಜೋಡಿಸಬೇಕು. ಒದ್ದೆ ನೆಲದಲ್ಲಿ ಗಾಲಿ ಜಾರುವುದರಿಂದ ಮಳೆಯಲ್ಲಿ ಸ್ಕೇಟಿಂಗ್ ಸಲ್ಲದು. ಸ್ಕೇಟ್‌ನ ಭಾಗಗಳಲ್ಲದಿದ್ದರೂ ಹೆಲ್ಮೆಟ್ ಹಾಗೂ ಮಣಿಕಟ್ಟು, ಮೊಣಕೈ, ಮೊಣಕಾಲಿನ ರಕ್ಷಾಕವಚಗಳನ್ನು ಸ್ಕೇಟ್‌ನೊಂದಿಗೇ ಖರೀದಿಸುವುದು ಒಳಿತು.